ಬಾತ್‌ರೂಮ್ ಬಾಗಿಲಲ್ಲಿ ಡ್ರೈವಿಂಗ್ ಮೇಷ್ಟ್ರು

ಹೆಂಡತಿ (ಒಳಗಿನಿಂದ): ನೀವು ಅಲ್ಲಿಂದ ಏಳ್ತೀರೋ ಇಲ್ವೋ?

ಮೇಷ್ಟ್ರು: ನಾನೆಲ್ಲಿ ಕೂತಿದೀನಿ? ಸುಮ್ನೆ ಈ ಕಡೆ ಹೋಗ್ತಿದ್ದೆ.

ಹೆಂಡತಿ: ಹೋಗ್ತಿರೋರ ಸ್ಟೂಲು ಕಿರ್ ಅನ್ನಲ್ಲ.

ಮೇಷ್ಟ್ರು ಸ್ಟೂಲಿನ ಮೇಲೇ ಕೂತಿದ್ದರು. ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವರು ಅವರು. ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲಡಿಗೂ ಒಂದು ಬ್ರೇಕ್ ಇಟ್ಟುಕೊಂಡು, ಬೇರೆಯವರ ಕೈಯಲ್ಲಿದ್ದ ಗಾಡಿಯನ್ನು ತಾವೇ ಓಡಿಸಿದವರು. ಹೆಂಡತಿಗೆ ಕ್ಯಾನ್ಸರ್ ಎಂದಾದ ಮೇಲೆ ಆ ಪಕ್ಕದ ಸೀಟು ಮನೆಗೇ ಬಂದುಬಿಟ್ಟಿತ್ತು. ಈಗ ಬುಧವಾರದಿಂದ ಅವಳ ಹೊಟ್ಟೆ ಕಟ್ಟಿತ್ತು. ಹೀಗೇ ಇದ್ದರೆ ಸೋಮವಾರದ ಕೀಮೋ ಮುಂದಕ್ಕೆ ಹೋಗಬಹುದು ಎಂದು ಆಸ್ಪತ್ರೆಯವರು ಹೇಳಿದ್ದರು. ಅದೇ ಕೊನೆಯದು. ಅದೊಂದು ಮುಗಿದರೆ ಸಾಕು ಎಂದು ಇಬ್ಬರೂ ಹಲ್ಲು ಕಚ್ಚಿಕೊಂಡು ಕಾದಿದ್ದರು.

ಮೇಷ್ಟ್ರು: ತಿಣುಕಬೇಡ ಕಣೇ.

ಹೆಂಡತಿ: ತಿಣುಕಿಲ್ಲ, ಕೆಮ್ಮಿದೆ.

ಮೇಷ್ಟ್ರು: ನನಗೆ ಇಂಜಿನ್ ಸದ್ದು ಗೊತ್ತಾಗಲ್ವಾ? ನಿಧಾನ. ಕಾಲು ಆ ಚಿಕ್ಕ ಸ್ಟೂಲಿನ ಮೇಲಿದೆ ತಾನೇ? ಸ್ವಲ್ಪ ಮುಂದಕ್ಕೆ ಬಾಗು. ಉಸಿರು ಬಿಡು. ಹಾಂ, ಹಾಗೇ, ಹಾಗೇ...

ಹೆಂಡತಿ: ಬರ್ತಿದ್ದದ್ದು ನಿಮ್ಮ ದನಿ ಕೇಳಿ ವಾಪಸ್ ಹೋಯ್ತು ರೀ.

ಮೇಷ್ಟ್ರು: ನಿಜವಾಗ್ಲೂ ಬರ್ತಿತ್ತಾ?

ಹೆಂಡತಿ: ಮೆಲ್ಲಗೆ ಮಾತಾಡಿ. ಮಹಡಿ ಮೇಲಿನ ಟೈಲರಮ್ಮಂಗೆ ಕೇಳ್ಸತ್ತೆ. ನನ್ನ ಕಾಯಿಲೆ ಬೀದಿಗೆಲ್ಲ ಗೊತ್ತು, ಇರಲಿ. ಇದೊಂದಾದ್ರೂ ನನ್ನ ಪಾಲಿಗೆ ಗುಟ್ಟಾಗಿರಲಿ.

ಮೇಷ್ಟ್ರು ದನಿ ತಗ್ಗಿಸಿದರು. ಅವರು ತಗ್ಗಿಸಿದ ದನಿ ಸಿಗ್ನಲ್ಲಿನ ಆಚೆ ಬದಿಗೆ ಸಲೀಸಾಗಿ ಕೇಳುವಂಥದ್ದು.

ಮೇಷ್ಟ್ರು: ಹಾಗಾದ್ರೆ ಮೆಡಿಕಲ್ ಶಾಪಿಂದ ಎನಿಮಾ ತಂದುಬಿಡ್ಲಾ?

ಹೆಂಡತಿ: ನಾನೇನು ಗೇರ್ ಬಾಕ್ಸಾ, ನೀವು ಕೈ ಹಾಕೋಕೆ? ಮೊದಲು ನರ್ಸನ್ನ ಕೇಳಿ.

ಮೇಷ್ಟ್ರು ಆಸ್ಪತ್ರೆಗೆ ಫೋನ್ ಹಚ್ಚಿ, ಒಳಗೂ ಕೇಳಲಿ ಎಂದು ಸ್ಪೀಕರ್ ಹಾಕಿದರು. ಎನಿಮಾ ಎಂಬ ಮಾತು ಬಾಯಿಂದ ಬಿದ್ದದ್ದೇ ತಡ, ನರ್ಸ್ ತರಾಟೆಗೆ ತೆಗೆದುಕೊಂಡಳು. ರಕ್ತದಲ್ಲಿ ಬಿಳಿ ಕಣ ಕಡಿಮೆಯಿರುವ ಈ ದಿನಗಳಲ್ಲಿ, ತಮ್ಮನ್ನು ಕೇಳದೆ ಕೆಳಗಿನಿಂದ ಏನನ್ನೂ ಹಾಕಕೂಡದಂತೆ. ವಾಂತಿ ಇದೆಯಾ, ಜ್ವರ ಇದೆಯಾ, ಹೊಟ್ಟೆ ಊದಿದೆಯಾ ಎಂದು ಒಂದೊಂದಾಗಿ ವಿಚಾರಿಸಿದಳು. ಎಲ್ಲಕ್ಕೂ ಇಲ್ಲ ಎಂದರು.

ನರ್ಸ್: ಗಾಳಿ ಹೋಗ್ತಿದೆಯಾ?

ಮೇಷ್ಟ್ರು (ಬಾಗಿಲಿಗೆ): ಗಾಳಿ ಹೋಗ್ತಿದೆಯಾ ಅಂತ ಕೇಳ್ತಿದಾರೆ.

ಹೆಂಡತಿ: ನಾನು ಮನೇಲಿಲ್ಲ ಅಂತ ಹೇಳಿ.

ಮೇಷ್ಟ್ರು: ಹೋಗ್ತಿದೆ ಮೇಡಂ. ಅದಕ್ಕೆ ನಾನೇ ಸಾಕ್ಷಿ.

ನರ್ಸ್: ಒಳ್ಳೇದು. ಹೊಟ್ಟೆ ಸಡಿಲ ಆಗೋಕೆ ಕೊಟ್ಟಿರೋ ಸಿರಪ್ ದಿನಾ ರಾತ್ರಿ ಕೊಡ್ತಿದೀರಲ್ಲ?

ಮೇಷ್ಟ್ರು ಗೋಡೆ ನೋಡಿದರು.

ಮೇಷ್ಟ್ರು: ಕೊಡ್ತಿದ್ದೆ ಮೇಡಂ. ಹೋದ ವಾರ ಚೆನ್ನಾಗಿ ಆಯ್ತಲ್ಲ, ಆಮೇಲೆ ನಿಲ್ಲಿಸಿದೆ. ಗಾಡಿ ಸ್ಟಾರ್ಟ್ ಆದ್ಮೇಲೂ ಯಾರಾದ್ರೂ ಕೀ ತಿರುಗಿಸ್ತಾ ಇರ್ತಾರಾ?

ಹೆಂಡತಿ: ನಿಲ್ಲಿಸಿದ್ರಾ? ಮತ್ತೆ ದಿನಾ ಚಮಚದಲ್ಲಿ ಕುಡಿಸ್ತಿದ್ದದ್ದು ಏನು?

ಮೇಷ್ಟ್ರು: ಸಕ್ಕರೆ ಪಾಕ. ಅಲ್ವೇ, ಭೇದಿ ಹತ್ತಿಕೊಂಡು ನೀನು ಇನ್ನೂ ಸೊರಗಿದ್ರೆ ಅಂತ ಹೆದರಿಕೆ ಆಯ್ತು ಕಣೇ.

ನರ್ಸ್: ಸರ್, ಹೊಟ್ಟೆ ಕಟ್ಟೋದೇ ನಾವು ಕೊಟ್ಟಿರೋ ನೋವಿನ ಮಾತ್ರೆಯಿಂದ. ಅದನ್ನ ತಗೊಳ್ಳೋವರೆಗೂ ಸಿರಪ್ ಬೇಕೇ ಬೇಕು. ಮಾತ್ರೆಯಾದ್ರೂ ಸರಿಯಾಗಿ ತಗೊಳ್ತಿದಾರಾ?

ಮೇಷ್ಟ್ರು: ಅದರಲ್ಲಿ ಮಾತೇ ಇಲ್ಲ ಮೇಡಂ. ನನ್ನ ಕಣ್ಣೆದುರಿಗೇ ಬಾಯಿಗೆ ಹಾಕ್ಕೊಳ್ತಾಳೆ.

ಒಳಗೆ ನಲ್ಲಿ ತಿರುಗಿಸಿದ ಸದ್ದಾಯಿತು, ನಿಂತಿತು.

ಹೆಂಡತಿ: ಬಾಯಿಗೆ ಹಾಕ್ಕೊಳ್ತಿದ್ದೆ. ನುಂಗ್ತಿರಲಿಲ್ಲ.

ಮೇಷ್ಟ್ರು: ಏನಂದೆ?

ಹೆಂಡತಿ: ನಾಲಿಗೆ ಕೆಳಗಿಟ್ಕೊಂಡು ಆಮೇಲೆ ಉಗೀತಿದ್ದೆ. ಗುರುವಾರದಿಂದ. ಅದರಿಂದಲೇ ಕಟ್ಟತ್ತೆ ಅಂತ ನನಗೂ ಗೊತ್ತಿತ್ತು. ಸೋಮವಾರದ್ದು ತಪ್ಪಬಾರದು ಅಂತ ಬಿಟ್ಟೆ.

ಮೇಷ್ಟ್ರು: ಮತ್ತೆ ನೋವು?

ಹೆಂಡತಿ: ಇತ್ತು.

ರಾತ್ರಿಯೆಲ್ಲ ಅವಳು ಮಗ್ಗುಲು ಬದಲಿಸುತ್ತಿದ್ದುದನ್ನು ಮೇಷ್ಟ್ರು ಹೊಟ್ಟೆಯ ಲೆಕ್ಕಕ್ಕೆ ಹಾಕಿದ್ದರು. ಪಕ್ಕದಲ್ಲೇ ಇದ್ದೂ ತನಗೆ ತಿಳಿಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ನರ್ಸ್ ಡಾಕ್ಟರನ್ನು ಕೇಳಿಕೊಂಡು ಬಂದು ಇಬ್ಬರಿಗೂ ಸರಿಯಾಗಿ ಬಿಸಿ ಮುಟ್ಟಿಸಿದಳು. ಒಬ್ಬರು ಮಾತ್ರೆ ಬಿಟ್ಟರು, ಇನ್ನೊಬ್ಬರು ಸಿರಪ್ ಬಿಟ್ಟರು, ಡಾಕ್ಟರ್ ಏನು ಚೀಟಿ ಮೇಲೆ ಚಿತ್ರ ಬರೆದಿದ್ದರಾ ಎಂದಳು. ಎರಡೂ ಈಗಲೇ ಶುರುವಾಗಬೇಕು, ಬಿಸಿನೀರು ಕುಡಿಯಬೇಕು, ಮನೆಯೊಳಗೇ ಸ್ವಲ್ಪ ಓಡಾಡಬೇಕು. ಬೆಳಿಗ್ಗೆಗೂ ಆಗದಿದ್ದರೆ, ಅಥವಾ ನಡುವೆ ವಾಂತಿ, ಜ್ವರ ಬಂದರೆ ಹೊತ್ತು ನೋಡದೆ ಹೊರಟು ಬರಬೇಕು.

ನರ್ಸ್: ಇನ್ನೊಂದು ವಿಷಯ. ಅವರು ಒಳಗಿರುವಾಗ ಬಾಗಿಲ ಹತ್ರ ಕೂತು ಮಾತಾಡೋದು ಯಾರು?

ಹೆಂಡತಿ: ಇವರೇ. ಸ್ಟೂಲ್ ಹಾಕ್ಕೊಂಡು.

ನರ್ಸ್: ಸರ್, ನಾಳೆ ಅವರು ಒಳಗೆ ಹೋದ ಕೂಡಲೇ ನೀವು ಮನೆಯಿಂದ ಆಚೆ ಹೋಗಿ. ಅದೂ ಒಂದು ಔಷಧಿ ಅಂತ ತಿಳ್ಕೊಳ್ಳಿ.

ಆ ರಾತ್ರಿ ಮೇಷ್ಟ್ರು ಅಸಲಿ ಸಿರಪ್ ಕುಡಿಸಿದರು. ಹೆಂಡತಿ ಮಾತ್ರೆ ನುಂಗಿ, ಕೇಳುವ ಮೊದಲೇ ನಾಲಿಗೆ ಎತ್ತಿ ತೋರಿಸಿದಳು. ಅವಳಿಗೆ ನಿದ್ದೆ ಬಂತು. ಅದನ್ನು ನೋಡುತ್ತಾ ಇವರಿಗೂ ಬಂತು.

ಬೆಳಿಗ್ಗೆ ಬಿಸಿನೀರು ಕುಡಿದು ಅವಳು ಒಳಗೆ ಹೋದಳು. ಮೇಷ್ಟ್ರು ಅಪ್ಪಣೆಯಂತೆ ಹೊರಗೆ ಹೋಗಿ, ಬಾತ್‌ರೂಮಿನ ಕಿಟಕಿಯ ನೇರಕ್ಕೆ ನಿಲ್ಲಿಸಿದ್ದ ಕಾರಿನಲ್ಲಿ, ತಮ್ಮ ಮಾಮೂಲಿ ಸೀಟಿನಲ್ಲೇ ಕೂತರು. ಜೀವನದಲ್ಲಿ ಮೊದಲ ಸಲ ಯಾರಿಗೂ ಏನೂ ಹೇಳಿಕೊಡದೆ ಕೂತಿದ್ದು ಅವರಿಗೆ ಬಹಳ ಕಷ್ಟವಾಯಿತು. ಕೊನೆಗೆ ಕಿಟಕಿ ತೆರೆಯಿತು.

ಹೆಂಡತಿ (ಪಿಸುದನಿಯಲ್ಲಿ): ರೀ. ಆಯ್ತು.

ಮೇಷ್ಟ್ರ ಕಣ್ಣು ತುಂಬಿ ಬಂತು. ಸುಮ್ಮಸುಮ್ಮನೆ ಹಾರ್ನ್ ಹೊಡೆದ ಶಿಷ್ಯರನ್ನು ನಡುರಸ್ತೆಯಲ್ಲೇ ಇಳಿಸಿದ್ದ ಮನುಷ್ಯ, ಕೈ ಚಾಚಿ ಹಾರ್ನ್ ಒತ್ತಿದರು. ಒತ್ತಿದ ಕೈ ತೆಗೆಯಲೇ ಇಲ್ಲ. ಎದುರು ಮನೆಯ ಬಾಗಿಲು ತೆರೆಯಿತು, ಪಕ್ಕದ ಮನೆಯದೂ ತೆರೆಯಿತು. ಮಹಡಿಯಿಂದ ಟೈಲರಮ್ಮ ಬಗ್ಗಿ ನೋಡಿದರು.

ಟೈಲರಮ್ಮ: ಏನಾಯ್ತು ಮೇಷ್ಟ್ರೇ?

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಹೆಂಡತಿ ಕಿಟಕಿಯಿಂದ ಉತ್ತರ ಕೊಟ್ಟಳು.

ಹೆಂಡತಿ: ಏನಿಲ್ಲ ಟೈಲರಮ್ಮ, ನಾಲ್ಕು ದಿನದಿಂದ ಕಾರಿನ ಹಾರ್ನ್ ಕೆಟ್ಟಿತ್ತು. ಸರಿಯಾಯ್ತಾ ಅಂತ ನೋಡ್ತಿದಾರೆ.

ಟೈಲರಮ್ಮ: ಕಾರಿನ ಮಾತು ಹಾಗಿರಲಿ ಬಿಡಿ. ಬುಧವಾರದಿಂದ ಬೀದಿಯವರೆಲ್ಲ ಕಾಯ್ತಿದೀವಿ, ನಿಮಗೆ ಆಯ್ತಾ ಹೇಳಿ.