ಬಾಗಿಲ ಆಚೆ ಯಾರು?

ತಪ್ಪೆಲ್ಲ ಡ್ರಾಯಿಂಗ್ ಮೇಷ್ಟ್ರದು. "ಕಥೆಗೆ ಕೊನೆ ಬರೆಯೋದು ಕಲಿಸ್ಬೇಕಾ? ಎದೆ ಡವಡವ ಅನ್ನೋ ಜಾಗದಲ್ಲಿ ಕಥೆ ನಿಲ್ಸಿಬಿಡಿ ಸಾರ್. ಮಿಕ್ಕಿದ್ದನ್ನ ಮಕ್ಕಳೇ ನುಗ್ಗಿ ಬರೀತವೆ," ಎಂದು ಹೊಸ ಮೇಷ್ಟ್ರ ಕಿವಿ ಊದಿದ್ದರು.

ಹೊಸ ಮೇಷ್ಟ್ರಿಗೆ ಅಂದು ಪರೀಕ್ಷೆ. ಕಥೆಗೆ ಕೊನೆ ಬರೆಸುವ ಪಾಠವನ್ನು ಹೆಡ್ ಮೇಡಂ ಬಂದು ನೋಡುತ್ತಾರೆ. ಮೆಚ್ಚಿದರೆ ಕೆಲಸ ಖಾಯಂ, ಇಲ್ಲದಿದ್ದರೆ ಮನೆ.

ಮೇಡಂ ಬರುವಷ್ಟರಲ್ಲಿ ಮಕ್ಕಳನ್ನು ಹದಕ್ಕೆ ತಂದಿಡೋಣವೆಂದು ಎರಡನೇ ಕ್ಲಾಸಿನ ಕಿಟಕಿ ಮುಚ್ಚಿ, ದನಿ ತಗ್ಗಿಸಿ ಶುರು ಮಾಡಿದರು. "ಕತ್ತಲ ಮನೆ. ಒಳಗೆ ಒಬ್ಬನೇ ಹುಡುಗ. ಆಚೆ ಹೆಜ್ಜೆ ಸದ್ದು... ಹತ್ರ ಬಂತು... ಇನ್ನೂ ಹತ್ರ... ಬಾಗಿಲು ಟಕ್ ಟಕ್! ಹ್ಞೂಂ, ಮುಂದೇನಾಯ್ತು, ನೀವೇ ಬರೀರಿ."

ಒಂದು ಪೆನ್ಸಿಲ್ಲೂ ಅಲ್ಲಾಡಲಿಲ್ಲ.

"ಬರೀರೋ!"

"ಬರೆದ್ರೆ ಅದು ಒಳಗೆ ಬರುತ್ತೆ ಸಾರ್," ಎಂದ ಗುಂಡ, ಬೆಂಚಿನ ಕೆಳಗಿನಿಂದ.

"ಯಾವುದೋ?"

"ಅಯ್ಯೋ, ನಿಮಗೂ ಗೊತ್ತಿಲ್ವಾ?" ಹಲ್ಲು ಬಿದ್ದ ಹುಡುಗಿಯ ಕಣ್ಣು ಗೋಲಿಯಂತಾಯಿತು.

ಮೇಷ್ಟ್ರಿಗೇ ಗೊತ್ತಿಲ್ಲದ್ದು ಆಚೆ ನಿಂತಿದೆ ಎಂದ ಮೇಲೆ ಕೇಳಬೇಕೆ? ಅಳು ಬೆಂಚಿನಿಂದ ಬೆಂಚಿಗೆ ನೆಗಡಿಯಂತೆ ಹರಡಿತು.

ಅಷ್ಟರಲ್ಲಿ ಕ್ಲಾಸಿನ ಬಾಗಿಲೇ ಟಕ್ ಟಕ್ ಎಂದಿತು.

ಎಲ್ಲರೂ ಕಿಟಾರನೆ ಕಿರುಚಿದರು. ಗುಂಡ ಓಡಿ ಚಿಲಕ ಹಾಕಿದ. ಉಳಿದವರು ಮೇಷ್ಟ್ರ ಕಾಲು, ಬೆಲ್ಟು, ಅಂಗಿ, ಸಿಕ್ಕಿದ್ದನ್ನು ಹಿಡಿದು ಜೋತುಬಿದ್ದರು. "ತೆಗೀಬೇಡಿ ಸಾರ್!"

"ಬಿಡ್ರೋ! ನನ್ನ ಕೆಲಸ ಹೋಗುತ್ತೆ! ಅದು ಹೆಡ್ ಮೇಡಂ ಕಣ್ರೋ!"

ಅಳು ತಟ್ಟನೆ ನಿಂತಿತು. ಮಕ್ಕಳು ಮುಖ ಮುಖ ನೋಡಿಕೊಂಡರು. ಹಲ್ಲು ಬಿದ್ದ ಹುಡುಗಿ ಜಾಗಕ್ಕೆ ಓಡಿ ಬರೆಯತೊಡಗಿದಳು. ಮಿಕ್ಕವರೂ ಓಡಿದರು, ಅವಳ ಹಾಳೆ ಇಣುಕಿ ನೋಡಿ ಬರೆದದ್ದೇ ಬರೆದದ್ದು.

ಮೇಷ್ಟ್ರು ಚಿಲಕ ತೆಗೆದರು. ಒಳಗೆ ಪೆನ್ಸಿಲ್ ಗೀಚುವ ಸದ್ದೊಂದೇ.

"ಪರವಾಗಿಲ್ವೇ!" ಮೇಡಂ ಮುಖ ಅರಳಿತು. "ಕೊನೆ ಬರೆಸೋದೇ ಕಷ್ಟ. ನೀವು ಗೆದ್ಬಿಟ್ರಿ ಸಾರ್."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು.

"ಎಲ್ಲಿ ಪುಟ್ಟಾ, ನಿಂದು ಓದು."

ಹಲ್ಲು ಬಿದ್ದ ಹುಡುಗಿ ಎದ್ದು ನಿಂತಳು. "ಬಾಗಿಲು ತೆಗೆದರೆ ಹೆಡ್ ಮೇಡಂ. ಅವರು ಮೊದಲು ನಮ್ಮ ಸಾರನ್ನು ತಿಂದರು. ಹೊಟ್ಟೆ ತುಂಬಿತು. ನಮ್ಮನ್ನು ಮನೆಗೆ ಕಳಿಸಿದರು. ಕಥೆ ಮುಗಿಯಿತು."

"ನಂದೂ ಅದೇ ಮಿಸ್!" ಎಂದಿತು ಇಡೀ ಕ್ಲಾಸು.

ಮೇಡಂ ನಿಧಾನವಾಗಿ ಕನ್ನಡಕ ತೆಗೆದು ಒರೆಸಿಕೊಂಡರು.

"ಚೆನ್ನಾಗಿದೆ. ಮಕ್ಕಳು ಇಷ್ಟು ಕಷ್ಟಪಟ್ಟು ಬರೆದಿದ್ದಾರೆ, ಕೊನೆ ನಾವ್ಯಾಕೆ ಬದಲಾಯಿಸ್ಬೇಕು? ನೀವೆಲ್ಲಾ ಬ್ಯಾಗ್ ತಗೊಂಡು ಮನೆಗೆ ಹೊರಡಿ, ಕಂದಮ್ಮಗಳಾ."

ಆಮೇಲೆ ಮೇಷ್ಟ್ರ ಕಡೆ ತಿರುಗಿದರು.

"ಸಾರ್, ನೀವು ನನ್ನ ರೂಮಿಗೆ ಬನ್ನಿ."