ಕಾರ್ ಷೆಡ್ಡಿಗೆ ಆರು ಗಾಜಿನ ಹೆಂಚು

ಗಂಡನ ಹೆಸರು ಹೇಳಬಾರದು ಎಂದು ನಮ್ಮತ್ತೆ ತೀರ್ಥಮ್ಮನವರು ನಾನು ಈ ಮನೆಗೆ ಕಾಲಿಟ್ಟ ದಿನವೇ ಹೇಳಿಕೊಟ್ಟಿದ್ದಾರೆ. ಆದರೆ ಈಗ ನನಗಿರುವ ಸಿಟ್ಟಿನಲ್ಲಿ ಹೇಳಿಯೇಬಿಡುತ್ತೇನೆ: ಓಂಕಾರಮೂರ್ತಿ. ತರೀಕೆರೆಯಲ್ಲಿ ತೆಂಗಿನಕಾಯಿ ವ್ಯಾಪಾರ. ಉಳಿದೆಲ್ಲದರಲ್ಲೂ ಸಾಧು ಮನುಷ್ಯ, ಕಾರಿನ ವಿಷಯದಲ್ಲಿ ಮಾತ್ರ ಸರ್ವಾಧಿಕಾರಿ.

ಎಂಬತ್ತೊಂದರಲ್ಲಿ ಇವರು ಕಡೂರಿನ ಡಾಕ್ಟರೊಬ್ಬರಿಂದ ಹಳೇ ಅಂಬಾಸಿಡರ್ ಕೊಂಡರು. ಅದಕ್ಕೆಂದು ಹಿತ್ತಲಲ್ಲಿ ಷೆಡ್ಡು ಎದ್ದಿತು. ಮೇಲೆ ಮಂಗಳೂರು ಹೆಂಚು, ಮುಂದೆ ಜೋಡಿ ಬಾಗಿಲು. ಕಿಟಕಿ ಇಲ್ಲ. "ಕಿಟಕಿ ಇಟ್ರೆ ಕಳ್ರು ಇಣುಕಿ ನೋಡ್ತಾರೆ ಕಣೇ" ಎಂದರು. ಕಳ್ಳರ ಮಾತಿರಲಿ, ಕಾರು ನಮಗೇ ಕಾಣುತ್ತಿರಲಿಲ್ಲ. ಬಾಗಿಲು ತೆಗೆದರೆ ಬಾನೆಟ್ಟಿನವರೆಗೆ ಬೆಳಕು, ಅದರ ಹಿಂದೆಲ್ಲ ಅಮಾವಾಸ್ಯೆ. ಬಲ್ಬು ಇತ್ತು, ಕರೆಂಟು ಇರುತ್ತಿರಲಿಲ್ಲ. ಒಂದು ಭಾನುವಾರ ಇವರು ಒಂದು ಗಂಟೆ ಬೆವರು ಸುರಿಸಿ ಕಾರು ಒರೆಸಿ ಹೊರಗೆ ತಂದರು. ನೋಡಿದರೆ, ಎಡಗಡೆಯನ್ನೇ ಎರಡು ಸಲ ಒರೆಸಿದ್ದರು!

ಇದನ್ನೆಲ್ಲ ನಾನು ಸಹಿಸಿಕೊಂಡಿದ್ದೆ. ಸಹಿಸಲಾಗದ್ದು ನಡೆದದ್ದು ಅಜ್ಜಂಪುರದಲ್ಲಿ ನನ್ನ ಅಕ್ಕನ ಮಗಳ ಮದುವೆಯ ದಿನ.

ಎಲ್ಲರೂ ರೇಷ್ಮೆ ಉಟ್ಟು ಸಿದ್ಧವಾಗಿದ್ದೆವು. ಬೀದಿಯಲ್ಲಿ ಕಾರು ಹತ್ತಿದರೆ ಕಣ್ಣು ಬೀಳುತ್ತದೆಂದು ಅತ್ತೆ ಷೆಡ್ಡಿನೊಳಗೇ ಹತ್ತಿ ಹಿಂದಿನ ಸೀಟಿನಲ್ಲಿ ಕೂತರು. ಮರುಕ್ಷಣವೇ ಎರಡು ಕಿರುಚಾಟ ಕೇಳಿದವು. ಒಂದು ಅತ್ತೆಯದು. ಇನ್ನೊಂದು ಯಾರದೆಂದು ತಿಳಿಯುವಷ್ಟರಲ್ಲಿ ಒಂದು ಕೋಳಿ ನನ್ನ ಮಲ್ಲಿಗೆ ದಂಡೆಯನ್ನು ಕಿತ್ತುಕೊಂಡು ಹೊರಗೆ ಹಾರಿತು. ಷೆಡ್ಡಿನ ಬಾಗಿಲ ಸಂದಿಯಲ್ಲಿ ನುಸುಳಿ, ಸೆಖೆಯೆಂದು ಇವರು ಗಾಜು ಇಳಿಸಿಟ್ಟಿದ್ದ ಕಾರಿನ ಕಿಟಕಿಯಿಂದ ಒಳಗೆ ನುಗ್ಗಿ ಕಾವಿಗೆ ಕೂತಿತ್ತಂತೆ. ಹನ್ನೊಂದು ಮೊಟ್ಟೆ. ಮೊಟ್ಟೆ ಎಂಬ ಶಬ್ದವನ್ನೇ ಬಾಯಲ್ಲಿ ಆಡದ ನಮ್ಮತ್ತೆ, ಆಗತಾನೇ ಲಿಂಗಪೂಜೆ ಮುಗಿಸಿ ಬಂದವರು, ಹನ್ನೊಂದರ ಮೇಲೂ ಆಸೀನರಾಗಿದ್ದರು.

ಪಕ್ಕದ ಮನೆಯ ಅಮೀನಾಬಿ ಓಡಿಬಂದು, "ಅಯ್ಯೋ ಅಕ್ಕಾ, ಹದಿನೈದು ದಿನದಿಂದ ಹುಡುಕ್ತಾ ಇದೀನಿ, ಸಿಕ್ತಲ್ಲ!" ಎಂದು ಕೋಳಿಯನ್ನು ಎದೆಗೊತ್ತಿಕೊಂಡರು. ಆ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಸಂತೋಷವಾಗಿದ್ದವರು ಅವರೊಬ್ಬರೇ.

ಅತ್ತೆಗೆ ಮತ್ತೆ ಸ್ನಾನ, ಮತ್ತೆ ಪೂಜೆ. ಕಾರಿಗೂ ಸ್ನಾನ. ಅಜ್ಜಂಪುರ ಮುಟ್ಟಿದಾಗ ತಾಳಿ ಕಟ್ಟಿ ಆಗಿತ್ತು. ಅಕ್ಕ ವಿಶಾಲಾಕ್ಷಮ್ಮ ನನ್ನ ಮುಖ ಕೂಡ ನೋಡದೆ, "ಊಟಕ್ಕಾದ್ರೂ ಸರಿಯಾಗಿ ಬಂದ್ಯಲ್ಲ, ಬಿಡು" ಎಂದಳು. ನಾನು ಎತ್ತಿ ಆಡಿಸಿದ ಹುಡುಗಿ. ಅವಳ ತಲೆಗೆ ನಾಲ್ಕು ಕಾಳು ಅಕ್ಷತೆ ಹಾಕುವ ಯೋಗ ನನಗೆ ಬರಲಿಲ್ಲ. ಎಲೆಯ ಮುಂದೆ ಕೂತು, ಹೋಳಿಗೆಯ ಜೊತೆ ಅಳುವನ್ನೂ ನುಂಗಿದೆ.

ಮನೆಗೆ ಬಂದವಳೇ ರಣಕಹಳೆ ಊದಿದೆ. "ರೀ, ಷೆಡ್ಡಿಗೆ ಗಾಜಿನ ಹೆಂಚು ಹಾಕ್ಸಿ."

"ಕಾರಿಗೆ ಬೆಳಕು ಯಾಕೆ ಕಣೇ? ಅದೇನು ಪುಸ್ತಕ ಓದ್ತದಾ?"

"ನಿಮ್ಮಮ್ಮ ಎಲ್ಲಿ ಕೂರ್ತಾರೆ ಅನ್ನೋದಾದ್ರೂ ಕಾಣ್ಬೇಕೋ ಬೇಡ್ವೋ?"

"ಬಿಸಿಲು ಬಿದ್ರೆ ಬಣ್ಣ ಹೋಯ್ತದೆ."

"ಯಾವ ಬಣ್ಣ? ಆ ಕಾರಿಗೆ ಯಾವ ಬಣ್ಣ ಐತೆ ಅಂತ ಹೇಳಿ ನೋಡೋಣ."

ಇವರು ಸ್ವಲ್ಪ ಹೊತ್ತು ಯೋಚಿಸಿ, "ಬೂದಿ," ಎಂದರು. ಕಾರು ತಿಳಿನೀಲಿ.

ಅತ್ತೆ ಒಳಗಿನಿಂದ, "ಇವಳ ಹಟಕ್ಕೆ ಸೂರು ಬಿಚ್ಚಬ್ಯಾಡ ಕಣಪ್ಪಾ" ಎಂದರು. ಮೊಟ್ಟೆಯ ಮೇಲೆ ಕೂತವರು ಅವರು, ಹಟಮಾರಿ ನಾನು! ಅವತ್ತೇ ತೀರ್ಮಾನಿಸಿದೆ, ಇನ್ನು ಯಾರನ್ನೂ ಕೇಳುವುದಿಲ್ಲ ಎಂದು.

ಇವರು ಕಡೂರಿಗೆ ಹೋದ ದಿನ ನಾನು ಬೀರೂರಿನ ಬಸ್ಸು ಹತ್ತಿದೆ. ಆರು ಗಾಜಿನ ಹೆಂಚು ಕೊಂಡು, ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಬಸ್ಸು ಹಳ್ಳಕ್ಕೆ ಇಳಿದಾಗಲೆಲ್ಲ ನನ್ನ ಸೊಂಟ ಹೋಯಿತೇ ಹೊರತು ಒಂದು ಹೆಂಚಿಗೂ ಸೀಳು ಬರಲಿಲ್ಲ. (ಮೂರು ಮಕ್ಕಳನ್ನೂ ನಾನು ಇಷ್ಟು ಜೋಪಾನವಾಗಿ ಬಸ್ಸಿನಲ್ಲಿ ಕರೆತಂದದ್ದಿಲ್ಲ.) ಹೆಂಚು ಹೊದಿಸುವ ಅಂಜಿನಪ್ಪನನ್ನು ಕರೆಸಿದೆ. ಅವನು ಏಣಿಯ ಮೊದಲನೇ ಮೆಟ್ಟಿಲಲ್ಲೇ ನಿಂತು, "ಯಜಮಾನ್ರನ್ನ ಒಂದ್ಮಾತು ಕೇಳಿದ್ರೆ ಚೆಂದಾಗಿತ್ತು ಅಮ್ಮಾ" ಎಂದ.

"ಈಗ ನಿನ್ನೆದುರಿಗೆ ನಿಂತಿರೋದೇ ಯಜಮಾನ್ರು. ಹತ್ತು!"

ಹತ್ತಿದ. ಆರು ಹಳೇ ಹೆಂಚು ಇಳಿದವು, ಆರು ಗಾಜು ಕೂತವು. ನಾನು ಒಳಗೆ ಹೋಗಿ ನಿಂತೆ. ಆರು ಕಡೆ ಬಿಸಿಲು ಸುರಿಯುತ್ತಿತ್ತು. ಎರಡು ವರ್ಷದಲ್ಲಿ ಮೊದಲ ಸಲ ಆ ಕಾರನ್ನು ಮೂತಿಯಿಂದ ಬಾಲದವರೆಗೆ ಷೆಡ್ಡಿನಲ್ಲೇ ಕಂಡೆ. ಅಕ್ಕನ ಮಾತು ನೆನಪಾಗಿ, "ಇನ್ನು ಯಾವ ಮುಹೂರ್ತಾನೂ ತಪ್ಪಲ್ಲ ನೋಡು!" ಎಂದು ಗೋಡೆಗೆ ಹೇಳಿದೆ.

ಸಂಜೆ ಇವರು ಬಂದರು. ಷೆಡ್ಡಿನ ಬಾಗಿಲು ತೆಗೆದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಯುದ್ಧಕ್ಕೆ ಸನ್ನದ್ಧಳಾಗಿ ನಿಂತೆ. ಬೈಗುಳ ಬರಲಿಲ್ಲ. ಹತ್ತು ನಿಮಿಷವಾದರೂ ಏನೂ ಬರಲಿಲ್ಲ. ಇಣುಕಿದರೆ, ಇಳಿಬಿಸಿಲಿನಲ್ಲಿ ಕಾರಿನ ಮುಂದೆ ಮಂಡಿಯೂರಿ, "ನೀಲಿ ಕಣೇ..." ಎಂದರು. ನನ್ನನ್ನು ಹೆಣ್ಣು ನೋಡಲು ಬಂದಾಗಲೂ ಆ ದನಿ ಕೇಳಿರಲಿಲ್ಲ.

ಗೆದ್ದೆ ಎಂದುಕೊಂಡೆ. ಮಾರನೇ ದಿನದಿಂದ ಶುರುವಾಯಿತು. ಬೆಳಕಿನಲ್ಲಿ ಪ್ರತಿ ಗೀರೂ ಕಾಣುತ್ತದೆ, ಪ್ರತಿ ಧೂಳಿನ ಕಣವೂ ಕಾಣುತ್ತದೆ. ಬೆಳಿಗ್ಗೆ ಮೇಣ, ಸಂಜೆ ಮೆತ್ತನೆ ಬಟ್ಟೆ. ಕಾಫಿಯೂ ಅಲ್ಲಿಗೇ ಹೋಗಬೇಕು. ಅತ್ತೆಯಂತೂ ಅಕ್ಕಿ ಆರಿಸಲು ಮೊರ ಹಿಡಿದು ಅಲ್ಲಿಗೇ ಬಂದು ಕೂತರು. "ಬೆಳಕು ಭಾಳ ಚೆನ್ನಾಗೈತೆ. ನಾನು ಮೊದ್ಲೇ ಹೇಳಿದ್ದೆ," ಎಂದರು.

ಹೋದ ವಾರ ಬೀರೂರಿನಲ್ಲಿ ನನ್ನ ಚಿಕ್ಕಮ್ಮನ ಮೊಮ್ಮಗುವಿನ ನಾಮಕರಣ. ಸೀರೆ ಉಟ್ಟು ಷೆಡ್ಡಿಗೆ ಬಂದೆ.

"ಕಾರು ತೆಗೀರಿ, ಹೊತ್ತಾಯ್ತು."

"ಹೊರಗೆ ತೆಗೆದ್ರೆ ಧೂಳು ಕೂರ್ತದೆ ಕಣೇ. ಬಸ್ಸು ಐತಲ್ಲ."

ಉಟ್ಟ ಸೀರೆಯಲ್ಲೇ ಹೊರಟೆ. ನೇರ ಅಂಜಿನಪ್ಪನ ಮನೆಗೆ ಹೋದೆ.

"ಅಂಜಿನಪ್ಪಾ, ಆ ಗಾಜಿನ ಹೆಂಚು ಆರನ್ನೂ ಇವತ್ತೇ ಕಿತ್ತುಹಾಕು. ಯಜಮಾನ್ರನ್ನ ಕೇಳೋದು ಬ್ಯಾಡ."

ಅಂಜಿನಪ್ಪ ತಲೆ ಕೆರೆದುಕೊಂಡ. "ಅದೆಂಗಮ್ಮಾ? ಅವ್ರು ನಿನ್ನೆ ಬಂದು ಇನ್ನೂ ಆರು ಹಾಕು ಅಂತ ಹೇಳವ್ರೆ. ಅಮ್ಮಾವ್ರನ್ನ ಕೇಳೋದು ಬ್ಯಾಡ ಅಂದ್ರು."

ಸೋತೆ ಎಂದು ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ.

"ಹಾಕು! ಆರು ಯಾಕೆ, ಹನ್ನೆರಡು ಹಾಕು! ಆದ್ರೆ ಈ ಐಡಿಯಾ ಮೊದ್ಲು ನಂದು ಅಂತ ಆ ಓಂಕಾರಮೂರ್ತಿಗೆ ಹೇಳು!" ಎಂದು ಕೂಗಿ, ಬಸ್‌ಸ್ಟ್ಯಾಂಡಿನತ್ತ ಓಡಿದೆ. ಬೀರೂರಿನ ಬಸ್ಸು ಆಗಲೇ ಹೊರಟಿತ್ತು.