ಪುಣೆಗೆ ಬಂದವರ ಮರಾಠಿ ಕ್ಲಾಸು

ದೊಡ್ಡವರಿಗೆ ಭಾಷೆ ಕಲಿಸಲು ಕೂತವರು ನಗುವನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದೇ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತುಕೊಳ್ಳುತ್ತದೆ. ನಾನು ಧಾರವಾಡದಾಕೆ. ಪುಣೆಯಲ್ಲಿ ಹಗಲು ಮರಾಠಿ ಶಾಲೆಯೊಂದರಲ್ಲಿ ಟೀಚರು. ತೊಂಬತ್ತರ ದಶಕದ ನಡುವಿನಿಂದ ಬಹಳ ವರ್ಷ, ಸ್ವಾರಗೇಟಿನ ಹತ್ತಿರ ನಮ್ಮ ಕನ್ನಡದವರದೇ ಒಂದು ಸಭಾಗೃಹದ ಮಹಡಿಯಲ್ಲಿ ಸಂಜೆ ಹೊತ್ತು ಮರಾಠಿ ಕ್ಲಾಸು ನಡೆಸುತ್ತಿದ್ದೆ. ವರ್ಗವಾಗಿ ಬಂದ ಗುಮಾಸ್ತರು, ಹೋಟೆಲಿನವರು, ಮದುವೆಯಾಗಿ ಬಂದ ಸೊಸೆಯರು, ಸೊಸೆ ಏನು ಕಲಿಯುತ್ತಾಳೆಂದು ನೋಡಲು ಬಂದ ಅತ್ತೆಯರು, ಇವರೇ ನನ್ನ ವಿದ್ಯಾರ್ಥಿಗಳು. ಹಾಜರಿ ಇಲ್ಲ, ಸರ್ಟಿಫಿಕೇಟ್ ಇಲ್ಲ. ಕಲಿತಷ್ಟನ್ನು ಊರ ಮೇಲೆ ಪ್ರಯೋಗಿಸಿ, ಮರುದಿನ ಬಂದು ನನಗೆ ವರದಿ ಒಪ್ಪಿಸುತ್ತಿದ್ದರು.

ಗೇಟಿನ ಮುಂದಿನ ಧೈರ್ಯವಂತ

ಬಾಗಲಕೋಟೆಯಿಂದ ವರ್ಗವಾಗಿ ಬಂದ ಗುಮಾಸ್ತರೊಬ್ಬರು ಹೊಸದಾಗಿ ಸೇರಿದ್ದರು. 'ಇದ್ದಾರೆಯೇ' ಎಂದು ಕೇಳುವುದನ್ನು ಕಲಿತಿದ್ದರು. ಪಾಠ ಇನ್ನೂ 'ಇಲ್ಲ'ದವರೆಗೆ ಬಂದಿರಲಿಲ್ಲ. ಹೆಂಡತಿ ಮಕ್ಕಳನ್ನು ಊರಿನಿಂದ ಕರೆತರಲು ಅವರಿಗೆ ರಜೆ ಬೇಕಿತ್ತು. ಹಾಗಾಗಿ ಒಂದು ಭಾನುವಾರ ಪೇಢೆಯ ಡಬ್ಬಿ ಹಿಡಿದು ಸಾಹೇಬರ ಬಂಗಲೆಗೆ ಹೋದರು. ಗೇಟಿನಲ್ಲಿದ್ದ ವಾಚಮನ್ ಭೋರ್ ಕಡೆಯ ಹಳ್ಳಿಯವ. 'ಇಲ್ಲ' ಎಂಬುದಕ್ಕೆ ಪೇಟೆಯ ಮಂದಿ 'ನಾಹಿ' ಅನ್ನುವುದನ್ನು ಅವನು 'ನಾಯ್' ಅನ್ನುತ್ತಿದ್ದ.

"ಸಾಹೇಬ್ ಆಹೇತ ಕಾ?" ಎಂದು ಇವರು ಕಲಿತ ಹಾಗೆ ಕೇಳಿದರು.

"ಸಾಹೇಬ್ ನಾಯ್," ಎಂದ ವಾಚಮನ್.

ತಪ್ಪಿ ಕೇಳಿಸಿರಬೇಕೆಂದು ಗುಮಾಸ್ತರು, ಬಾಯಿಸಾಹೇಬರು ಇದ್ದಾರೆಯೇ ಎಂದು ವಿಚಾರಿಸಿದರು. ಬಾಯಿನೂ ನಾಯ್ ಎಂದ. ಮಕ್ಕಳು? ಅವರೂ ನಾಯ್. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ, ಬೀಡಿಯನ್ನೂ ಬಾಯಿಂದ ತೆಗೆಯಲಿಲ್ಲ.

ಮರುದಿನ ಕ್ಲಾಸಿನಲ್ಲಿ ಗುಮಾಸ್ತರು ಇದನ್ನು ಭಕ್ತಿಯಿಂದ ಹೇಳಿದರು. "ಮೇಡಂ, ಸಾಹೇಬರಿಗೆ ನಾವೂ ಹಂಗ ಅಂತೀವ್ರಿ. ಆದ್ರ ಕ್ಯಾಂಟೀನಿನ್ಯಾಗ, ಸಣ್ಣ ದನೀಲೆ. ಇಂವ ಅವರ ಪಗಾರ ತಿಂದು, ಅವರ ಗೇಟಿಗೇ ನಿಂತು, ಮನಿ ಮಂದಿಗೆಲ್ಲಾ ಅಂದ ನೋಡ್ರಿ. ಪೇಢೆ ಅವಂಗ ಕೊಟ್ಟು ಬಂದೆ."

ಗೌರವದ ಪಾಠ

ಕುಂದಾಪುರದ ಕಡೆಯ ಹೋಟೆಲ್ ಮಾಲೀಕರು ಕ್ಲಾಸಿಗೆ ಬಂದದ್ದು ಒಬ್ಬ ಗಿರಾಕಿಯನ್ನು ಕಳೆದುಕೊಂಡ ದುಃಖದಲ್ಲಿ. ಗಲ್ಲಾದ ಮೇಲೆ ಕೂತು ಅವರು ಮರಾಠಿ ಕಲಿತಿದ್ದರು, ಅದೂ ಗಿರಾಕಿಗಳು ಮಾಣಿಗಳಿಗೆ ಹೇಳುವುದನ್ನು ಕೇಳಿ ಕೇಳಿ. ಆದ್ದರಿಂದ ಅವರಿಗೆ ಬರುತ್ತಿದ್ದ ಮರಾಠಿಯೆಲ್ಲ ಏಕವಚನ. ಪೇಠಿನ ಹಳೆಯ ವಾಡೆಯಲ್ಲಿ, ಅಂದರೆ ತೊಟ್ಟಿಮನೆಯಲ್ಲಿ, ಇದ್ದ ನಿವೃತ್ತ ಹೆಡ್‌ಮಾಸ್ತರರೊಬ್ಬರು ಪ್ರತಿ ಬೆಳಿಗ್ಗೆ ಇಡ್ಲಿಗೆ ಬರುತ್ತಿದ್ದರು. ಅವರಿಗೂ ಇವರು ಪ್ರೀತಿಯಿಂದಲೇ, ಬಾರೋ, ಕೂತ್ಕೋ, ನಿಂಗೇನು ಬೇಕು ಎಂಬ ಧಾಟಿಯಲ್ಲಿ ಮಾತಾಡಿಸುತ್ತಿದ್ದರು. ಹೆಡ್‌ಮಾಸ್ತರರು ಒಂದು ತಿಂಗಳು ಸಹಿಸಿ, ಬರುವುದನ್ನು ಬಿಟ್ಟರು.

"ಒಳ್ಳೆ ಜನ ಅವ್ರು ಮಾರಾಯ್ರೆ. ಹೇಗಾದ್ರೂ ಮಾಡಿ ನಂಗೆ ಮರ್ಯಾದಿ ಕಲಿಸಿ," ಎಂದು ಮಾಲೀಕರು ನನ್ನೆದುರು ಕೂತರು.

ನಾನು ಗೌರವದ ಮಾತುಗಳನ್ನೆಲ್ಲ ಹೇಳಿಕೊಟ್ಟೆ. ಹಾಗೆಯೇ, ಹಿರಿಯರ ವಿಷಯದಲ್ಲಿ 'ಸತ್ತರು' ಅನ್ನಬಾರದು, 'ವಾರಲೇ' ಅನ್ನಬೇಕು, ನಮ್ಮ 'ತೀರಿಕೊಂಡರು' ಇದ್ದ ಹಾಗೆ ಎಂದೂ ಹೇಳಿದೆ. ಮಾಲೀಕರ ತಲೆಯಲ್ಲಿ 'ತೀರಿತು' ಎಂಬುದಕ್ಕೆ ಮರ್ಯಾದೆಯ ಶಬ್ದ ಇದೇ ಎಂದು ಕೂತುಬಿಟ್ಟಿತು. ಆಮೇಲೆ ಹಣ್ಣು ಹಿಡಿದು ವಾಡೆಗೆ ಹೋಗಿ ಕ್ಷಮೆ ಕೇಳಿ ಬಂದರು. ಮರುದಿನ ಹೆಡ್‌ಮಾಸ್ತರರು ಹೋಟೆಲಿಗೆ ಬಂದರು. ಸ್ವಲ್ಪ ತಡವಾಗಿತ್ತು. ಮಾಲೀಕರು ಎದ್ದು ನಿಂತು, ಎರಡೂ ಕೈ ಜೋಡಿಸಿ, ಇಡ್ಲಿಗಳು ವಾರಲ್ಯಾ ಎಂದು ವಿನಯದಿಂದ ತಿಳಿಸಿದರು.

ಹೆಡ್‌ಮಾಸ್ತರರು ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು. ಎಷ್ಟು ಹೊತ್ತಾಯಿತು ಎಂದು ಮೆಲ್ಲಗೆ ಕೇಳಿದರು. ಈಗಷ್ಟೇ, ಎಂದರು ಮಾಲೀಕರು. "ದೇವರ ಇಚ್ಛೆ," ಎಂದು ಹೆಡ್‌ಮಾಸ್ತರರು ನಿಟ್ಟುಸಿರು ಬಿಟ್ಟರು. "ಚಟ್ನಿಗೆ ನನ್ನ ಸಂತಾಪ ತಿಳಿಸಿ."

ಒಪ್ಪಿಕೊಂಡ ಎಂಜಿನಿಯರ್

ರಾಂಜಣಗಾಂವದಲ್ಲಿ ಕಾರ್ಖಾನೆಗಳು ಬಂದ ಮೇಲೆ ಕ್ಲಾಸಿಗೆ ಹುಡುಗರು ಹೆಚ್ಚಾದರು. ಮೈಸೂರಿನ ಒಬ್ಬ ಎಂಜಿನಿಯರ್ ಕೆಲಸಕ್ಕೆ ಸೇರಿದ ಮೊದಲ ವಾರವೇ ಊಟ ಬಿಟ್ಟು ಸೊರಗಿದ. ಸಂಗತಿ ಏನೆಂದರೆ, ಅವನ ಕೈಕೆಳಗಿನ ಹಿರಿಯ ಫೋರಮನ್ ಯಂತ್ರ ತೋರಿಸಿ ಏನೋ ವಿವರಿಸುವುದು, ಕೊನೆಗೆ ಇವನ ಮುಖ ನೋಡಿ "ಕಳ್ಳಾ ಕಾ, ಸಾಹೇಬ?" ಅನ್ನುವುದು. ಮರಾಠಿಯಲ್ಲಿ ಅದಕ್ಕೆ 'ತಿಳಿಯಿತೇ' ಎಂದು ಅರ್ಥ. ಇವನಿಗೆ ಕೇಳಿಸುತ್ತಿದ್ದದ್ದು ಕಳ್ಳ ಎಂದು. ದಿನಕ್ಕೆ ಅದೆಷ್ಟೋ ಸಲ, ಎಲ್ಲರೆದುರು, ನಗುನಗುತ್ತ.

ಸ್ಟೋರಿನಲ್ಲಿ ಏನಾದರೂ ಕಳುವಾಗಿರಬೇಕು, ತನ್ನ ಮೇಲೆ ಅನುಮಾನ ಬಂದಿರಬೇಕು ಎಂದುಕೊಂಡು ಹುಡುಗ ರಾಜೀನಾಮೆ ಕೊಡಲು ಮ್ಯಾನೇಜರ್ ಹತ್ತಿರ ಹೋದ. "ಸರ್, ಐ ಆಮ್ ನಾಟ್ ಎ ಥೀಫ್," ಎಂದು ಹೇಳುವಾಗ ಅವನ ಕಣ್ಣಲ್ಲಿ ನೀರು. ಮ್ಯಾನೇಜರ್ ಪುಣೆಯವರೇ. ಅವನನ್ನು ಕೂರಿಸಿ, ಚಹಾ ತರಿಸಿ, ಆ ಶಬ್ದದ ಅರ್ಥ ಬಿಡಿಸಿ ಹೇಳಿದರು. ಹುಡುಗನಿಗೆ ಹೋದ ಜೀವ ಬಂತು. ಕೊನೆಗೆ ಅವರು ರೂಢಿಯಂತೆ, "ಆತಾ ಕಳ್ಳಾ?" ಎಂದು ಕೇಳಿದರು.

"ಹೌದು ಸರ್, ಈಗ ಪೂರ್ತಿ ಕಳ್ಳ," ಎಂದ ಇವನು ಸಂತೋಷದಿಂದ.

ಮಂಡೈಯ ಪರೀಕ್ಷೆ

ಗದಗಿನ ಒಬ್ಬ ಅತ್ತೆಯವರು ಸೊಸೆಯ ಜೊತೆಗೆ ಬರುತ್ತಿದ್ದರು. ಸೊಸೆಗಿಂತ ಮುಂದೆ ಹೋಗಬೇಕೆಂಬುದೇ ಅವರ ಹಟ. ಒಂದು ದಿನ ನಾನು ಎಲ್ಲರನ್ನೂ ಮಂಡೈಗೆ, ಅಂದರೆ ಕಾಯಿಪಲ್ಯೆಯ ದೊಡ್ಡ ಮಾರುಕಟ್ಟೆಗೆ, ಕರೆದುಕೊಂಡು ಹೋದೆ. ಮರಾಠಿಯಲ್ಲಷ್ಟೇ ಮಾತಾಡಿ ಚೌಕಾಸಿ ಮಾಡಬೇಕು, ಅದೇ ಪರೀಕ್ಷೆ.

ಅತ್ತೆಯವರು ಬದನೆಕಾಯಿಯ ಗುಡ್ಡೆಯ ಮುಂದೆ ಕೂತರು. ಮಾರುವವ ಏನೋ ಅಂದ, ಇವರಿಗೆ ತಿಳಿಯಲಿಲ್ಲ. ಇವರು ಏನೋ ಅಂದರು, ಅವನಿಗೆ ತಿಳಿಯಲಿಲ್ಲ. ಇಬ್ಬರೂ ಬೆರಳು ತೋರಿಸಿ, ತಲೆ ಅಲ್ಲಾಡಿಸಿ, ಬೆವತು ಹೋದರು. ಕೊನೆಗೆ ಅತ್ತೆಯವರು ತಮ್ಮಷ್ಟಕ್ಕೆ, "ಇವನ ಬಾಯಾಗ ಮಣ್ಣ ಬೀಳ್ಲಿ, ಏನ್ ಮಾತಾಡ್ತಾನೋ," ಎಂದು ಗೊಣಗಿದರು.

ಮಾರುವವನ ಮುಖ ಅರಳಿತು. "ಅಕ್ಕಾರ, ಮೊದಲ ಹೇಳಬಾರದೇನ್ರಿ? ನಮ್ಮದೂ ಇಂಡಿ ತಾಲೂಕರಿ. ಬಂದು ಎರಡ ತಿಂಗಳಾತು. ಬರ್ರಿ, ನಿಮಗ ಕಡಿಮಿ ಮಾಡಿ ಕೊಡ್ತೀನಿ."

ಹಿಂದೆ ಸೊಸೆ ನಿಂತಿದ್ದಳು, ನಾನೂ ನಿಂತಿದ್ದೆ. ಅತ್ತೆಯವರು ಅವನನ್ನು ದುರುಗುಟ್ಟಿ ನೋಡಿದರು. "ಸುಮ್ನಿರಪಾ. ಪರೀಕ್ಷಾ ನಡದದ. ಹೆಚ್ಚಿಗಿ ತಗೊಂಡ್ರೂ ಅಡ್ಡಿಯಿಲ್ಲ, ಮರಾಠಿಯೊಳಗ ಹೇಳು."

ಮೂಲದ ಪ್ರಶ್ನೆ

ಹಾವೇರಿಯಿಂದ ಮದುವೆಯಾಗಿ ಬಂದ ಹುಡುಗಿಯೊಬ್ಬಳು ಭಾಳ ಅಂಜುಬುರುಕಿ. ವಾಂತಿ, ತಲೆಸುತ್ತು ಶುರುವಾದಾಗ ಗಂಡ ಅವಳನ್ನು ಓಣಿಯ ಲೇಡಿ ಡಾಕ್ಟರ ಹತ್ತಿರ ಕರೆದೊಯ್ದ. ಗಂಡಸರು ಹೊರಗೆ ಕೂರಬೇಕೆಂಬ ನಿಯಮವಿತ್ತು. ಒಳಗೆ ಒಬ್ಬಳೇ ಹೋದಳು. ನಾನು ಕಲಿಸಿದ ಮರಾಠಿಯೇ ಅವಳಿಗೆ ಆಸರೆ.

ಡಾಕ್ಟರು ಬಂದವರನ್ನೆಲ್ಲ ಕೇಳುವ ಹಾಗೆ ಇವಳನ್ನೂ, "ಮೂಲ್ ಆಹೆ ಕಾ?" ಎಂದು ಕೇಳಿದರು. ಮೂಲ್ ಅಂದರೆ ಮರಾಠಿಯಲ್ಲಿ ಮಗು. ನಮ್ಮ ಕಡೆ ಮೂಲ ಅಂದರೆ ಕೂತರೆ ಕೂರಗೊಡದ ಆ ಬೇನೆ. ಡಾಕ್ಟರು ಕೇಳಿದ್ದು ಬೇನೆಯನ್ನೇ ಎಂದು ಹುಡುಗಿ ತಿಳಿದಳು. ತನಗಿಲ್ಲ, ಗಂಡನಿಗೆ ಇದೆ ಎಂದಳು.

ಡಾಕ್ಟರ ಪೆನ್ನು ನಿಂತಿತು. ಯಾವಾಗಿನಿಂದ ಎಂದು ಕೇಳಿದರು. ಲಗ್ನಕ್ಕಿಂತ ಮೊದಲಿನಿಂದಲೇ. ಗೊತ್ತಿತ್ತೇ ಎಂದರು. ಇಲ್ಲ, ಅತ್ತೆಗೆ ಗೊತ್ತಿತ್ತು, ಮುಚ್ಚಿಟ್ಟಿದ್ದರು. ಈಗ ಹೇಗೆ ನಡೆದಿದೆ ಎಂದರು. ಬೇಸಿಗೆಯಲ್ಲಿ ತ್ರಾಸು ಹೆಚ್ಚು, ಹೊತ್ತುಹೊತ್ತಿಗೆ ಮಜ್ಜಿಗೆ ಕೊಟ್ಟು, ಖಾರವಿಲ್ಲದ ಅಡಿಗೆ ಮಾಡಿ ನಾನೇ ನೋಡಿಕೊಳ್ಳುತ್ತೇನೆ ಎಂದಳು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡು, ನಿನ್ನಂಥ ದೊಡ್ಡ ಮನಸ್ಸಿನವಳನ್ನು ನೋಡಿಲ್ಲಮ್ಮ ಎಂದರು. ಆಮೇಲೆ ಪರೀಕ್ಷೆ ಮಾಡಿ, ಬೆನ್ನು ಸವರಿ, ಇನ್ನು ನಿನಗೂ ಮೂಲ್ ಆಗುತ್ತದೆ ಎಂದರು.

ಹುಡುಗಿ ಗಳಗಳನೆ ಅತ್ತಳು. ಡಾಕ್ಟರು ಸಿಟ್ಟಿನಿಂದ ಗಂಡನನ್ನು ಒಳಗೆ ಕರೆಸಿದರು. ಲಗ್ನದ ಮೊದಲೇ ಹೇಳಲು ನಿನಗೇನಾಗಿತ್ತು, ನಿನ್ನದನ್ನೂ ನೋಡಿ ತನ್ನದನ್ನೂ ನೋಡುವುದು ಈ ಹುಡುಗಿಯಿಂದ ಆದೀತೇ ಎಂದು ತರಾಟೆಗೆ ತೆಗೆದುಕೊಂಡರು. ಹೆಂಡತಿ ಮನೆಯ ಗುಟ್ಟು ಹೇಳಿಬಿಟ್ಟಳಲ್ಲ ಎಂದು ಅವನು ನಾಚಿ ನೆಲ ನೋಡಿದ. ಆಕೆಗೂ ಅದೇ ಬಂದಿದೆ ಎಂದು ತಿಳಿದಾಗ ಮಾತ್ರ ಗಂಡಸಿನಂತೆ ಧೈರ್ಯ ತಂದುಕೊಂಡು, ಹರುಕುಮುರುಕು ಮರಾಠಿಯಲ್ಲಿ ಹೇಳಿದ: "ಚಿಂತಿ ಮಾಡಬ್ಯಾಡ್ರಿ ಡಾಕ್ಟರ್. ನಮ್ಮೂರಾಗ ಒಬ್ಬ ವೈದ್ಯ ಇದ್ದಾನ. ನಂದೂ ಆಕೀದೂ ಎರಡೂ ಒಮ್ಮೆಲೇ ಕೊಯ್ಸಿ ಒಗದುಬಿಡ್ತೀನಿ."

ಡಾಕ್ಟರು ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತರು. ಅವನು ತಪ್ಪಿಸಿಕೊಂಡು ಹೋಗಬಾರದೆಂದು. ಅಷ್ಟರಲ್ಲಿ ಪರದೆಯ ಹಿಂದಿನಿಂದ ನರ್ಸ್ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಬಂದಳು. ಅವಳು ಅಕ್ಕಲಕೋಟೆಯವಳು, ಮನೆಮಾತು ಕನ್ನಡ. ನಗುವಿನ ನಡುವೆ ಉಸಿರು ಸಿಕ್ಕಾಗ ಎರಡೂ ಕಡೆಯವರಿಗೆ ಬಿಡಿಸಿ ಹೇಳಿದಳು. ಹುಡುಗಿ ಮತ್ತೆ ಅತ್ತಳು, ಈ ಸಲ ಸಂತೋಷಕ್ಕೆ. ಗಂಡನಿಗೆ ಮಾತ್ರ ಎತ್ತ ನೋಡಬೇಕೆಂದು ತಿಳಿಯಲಿಲ್ಲ.

ಹೆಣ್ಣು ಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಡಾಕ್ಟರೂ ಬಂದಿದ್ದರು, ನಾನೂ ಹೋಗಿದ್ದೆ. ಡಾಕ್ಟರು ಗಂಡನ ಹತ್ತಿರ ಬಂದು, ಎರಡೂ ಮೂಲ್ ಹೇಗಿವೆ ಎಂದು ತುಂಟತನದಿಂದ ಕೇಳಿದರು.

ಅವನು ತಪ್ಪಿಲ್ಲದ ಮರಾಠಿಯಲ್ಲಿ ಉತ್ತರ ಕೊಟ್ಟ: "ಒಂದು ಅಳ್ತದ್ರಿ. ಇನ್ನೊಂದು ಅಳಸ್ತದ."